ಹೇಳಿಕೊಡುವುದೋ, ಕಲಿಯಲು ಬಿಡುವುದೋ? — ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ತರಗತಿಯಲ್ಲಿ ಶಿಕ್ಷಕರು ನಿಂತು ಕಲಿಸಬೇಕೇ, ಅಥವಾ ಮಕ್ಕಳು ತಾವೇ ಕಲಿಯುವಂತೆ ಬಿಟ್ಟು ಶಿಕ್ಷಕರು ಪಕ್ಕಕ್ಕೆ ಸರಿಯಬೇಕೇ ಎಂಬುದು ಆ ವಿಷಯ. ಆಯ್ದ ಐದು ಪತ್ರಗಳನ್ನು ಸಂಕ್ಷೇಪಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗೆ ಗಣಿತ ಹಾಗೂ ಪರಿಸರ ಅಧ್ಯಯನ ಕಲಿಸುತ್ತೇನೆ. ಶಿಕ್ಷಕರು ಸುಗಮಕಾರರಾಗಿರಬೇಕು, ಮಕ್ಕಳೇ ತಮ್ಮ ಜ್ಞಾನವನ್ನು ಕಟ್ಟಿಕೊಳ್ಳಬೇಕು, ಹಲಗೆಯ ಮುಂದೆ ನಿಂತು ಹೇಳುವುದು ಹಳೆಯ ಪದ್ಧತಿ ಎಂಬ ಮಾತನ್ನು ತರಬೇತಿಗೆ ಹೋದಾಗಲೆಲ್ಲ ಕೇಳುತ್ತೇನೆ. ಆದರೆ ನಾನು ಬಿಡಿಸಿ ಹೇಳಿಕೊಟ್ಟಾಗಲೇ ನನ್ನ ಮಕ್ಕಳಿಗೆ ಲೆಕ್ಕ ಬರುತ್ತದೆ. ನಾನು ತಪ್ಪು ಮಾಡುತ್ತಿದ್ದೇನೆಯೇ?
— ಸಹ ಶಿಕ್ಷಕಿ, ಸೇಡಂ ತಾಲ್ಲೂಕು

ಉತ್ತರ: ಇಲ್ಲ. ಬೋಧಿಸಬೇಡಿ ಎಂದು ಮೂರು ಗಂಟೆ ಬೋಧಿಸುವ ತರಬೇತಿಗಳ ಮಾತನ್ನು ಸದ್ಯಕ್ಕೆ ಬದಿಗಿಡೋಣ. ಆದರೆ ಬಿಡಿಸಿ ಹೇಳಿಕೊಡುವುದು ಎಂದರೆ ನೀವು ಏನು ಮಾಡುತ್ತೀರಿ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಪಠ್ಯಪುಸ್ತಕವನ್ನು ಓದಿಸಿ, ಪಾಠದ ಕೊನೆಯ ಪ್ರಶ್ನೆಗಳಿಗೆ ಹಲಗೆಯ ಮೇಲೆ ಉತ್ತರ ಬರೆದು ಮಕ್ಕಳಿಂದ ನಕಲು ಮಾಡಿಸುವುದು, ಆಮೇಲೆ 'ತಿಳಿಯಿತಾ?' ಎಂದು ಕೇಳಿ ಇಡೀ ತರಗತಿ ಒಂದೇ ದನಿಯಲ್ಲಿ 'ತಿಳೀತ್ರೀ' ಎಂದಾಗ ಮುಂದಿನ ಪಾಠಕ್ಕೆ ಹೋಗುವುದು ನಮ್ಮ ಭಾಗದಲ್ಲಿ ಬಹಳ ಕಡೆ ನಡೆಯುತ್ತದೆ. ಅದನ್ನು ಶಿಕ್ಷಕ ಕೇಂದ್ರಿತ ಬೋಧನೆ ಎಂದು ಕರೆಯುವವರಿದ್ದಾರೆ. ಬೋಧನೆಯೇ ಇಲ್ಲದ ಕಡೆ ಅದು ಯಾರನ್ನು ಕೇಂದ್ರವಾಗಿಟ್ಟುಕೊಂಡರೂ ಅಷ್ಟೆ.

ನಿಜವಾದ ಬೋಧನೆಗೆ ಒಂದು ಉದಾಹರಣೆ ನೋಡೋಣ. 52ರಿಂದ 27 ಕಳೆಯಲು ಹೇಳಿದಾಗ ನಾಲ್ಕನೆಯ ತರಗತಿಯ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಬಿಡಿಯ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವಾದ್ದರಿಂದ 7ರಿಂದ 2 ಕಳೆದು 5 ಹಾಕಿರುತ್ತಾರೆ. ಇದು ಅಜಾಗರೂಕತೆಯಿಂದ ಆದ ತಪ್ಪಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಿಯಮವನ್ನು ಮಗು ತಾನೇ ಕಟ್ಟಿಕೊಂಡಿದೆ. 'ಹೇಗೆ ಮಾಡಿದಿ, ಹೇಳು' ಎಂದು ಕೇಳುವ ಶಿಕ್ಷಕಿಗೆ ಆ ನಿಯಮ ಕಾಣುತ್ತದೆ, ಕೆಂಪು ಗೆರೆ ಎಳೆದು ಮುಂದೆ ಹೋಗುವವರಿಗೆ ಕಾಣುವುದಿಲ್ಲ. ಕಂಡ ಮೇಲೆ ಆಕೆ ಹತ್ತು ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಮೇಜಿನ ಮೇಲಿಟ್ಟು, ಒಂದು ಕಟ್ಟಿನ ದಾರ ಬಿಚ್ಚಿ, ಬಿಡಿಗಳು ಹನ್ನೆರಡಾದದ್ದನ್ನು ತೋರಿಸಿ, ಅದನ್ನೇ ಹಲಗೆಯ ಮೇಲೆ ಅಂಕಿಗಳಲ್ಲಿ ಬರೆಯುತ್ತಾಳೆ. ಎರಡನೆಯ ಲೆಕ್ಕವನ್ನು ಮಕ್ಕಳ ಜೊತೆ ಮಾಡುತ್ತಾಳೆ. ಮೂರನೆಯದನ್ನು ಪ್ರತಿಯೊಬ್ಬರೂ ಸ್ಲೇಟಿನಲ್ಲಿ ಮಾಡಿ ಎತ್ತಿ ಹಿಡಿಯಬೇಕು. ಹಿಡಿದ ಸ್ಲೇಟುಗಳನ್ನು ನೋಡಿ ಮುಂದುವರಿಯಬೇಕೋ ಹಿಂತಿರುಗಬೇಕೋ ಎಂದು ತೀರ್ಮಾನಿಸುತ್ತಾಳೆ. ನೀವು ಮಾಡುತ್ತಿರುವುದು ಇದಾದರೆ ಸಂಕೋಚಪಡುವ ಕಾರಣವೇ ಇಲ್ಲ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಹೊಸ ವಿಷಯವನ್ನು ಎದುರಿಸುವಾಗ ಮನಸ್ಸು ಏಕಕಾಲದಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಅಂಶಗಳು ಬಹಳ ಕಡಿಮೆ. ದಾರಿಯನ್ನೂ ತಾನೇ ಹುಡುಕಿ ವಿಷಯವನ್ನೂ ತಾನೇ ಅರಿಯಬೇಕಾದಾಗ ಆರಂಭಿಕ ಕಲಿಕೆಗಾರರ ಶಕ್ತಿಯೆಲ್ಲ ಹುಡುಕಾಟಕ್ಕೇ ಹೋಗುತ್ತದೆ ಎಂಬ ವಾದವನ್ನು ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ವಿವರವಾಗಿ ಮಂಡಿಸಿದರು. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದಲ್ಲಿ ಕ್ಲಾರ್ ಮತ್ತು ನಿಗಮ್ ಮೂರು ಹಾಗೂ ನಾಲ್ಕನೆಯ ತರಗತಿಯ ಮಕ್ಕಳಿಗೆ ಇಳಿಜಾರಿನ ಹಲಗೆ ಮತ್ತು ಚೆಂಡುಗಳನ್ನು ಕೊಟ್ಟು ಪ್ರಯೋಗ ಮಾಡಿಸಿದ್ದರು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಉಳಿದವನ್ನು ಹಾಗೆಯೇ ಇಡಬೇಕು ಎಂಬ ನ್ಯಾಯವಾದ ಪರೀಕ್ಷೆಯ ತತ್ತ್ವವನ್ನು ಮಕ್ಕಳು ಕಲಿಯಬೇಕಿತ್ತು. ಉದಾಹರಣೆಯೊಂದಿಗೆ ವಿವರಿಸಿ ಹೇಳಿಕೊಟ್ಟ ಗುಂಪಿನಲ್ಲಿ ಶೇ 77ರಷ್ಟು ಮಕ್ಕಳಿಗೆ ಅದು ಕರಗತವಾಯಿತು. ತಾವೇ ಕಂಡುಕೊಳ್ಳಲಿ ಎಂದು ಬಿಟ್ಟ ಗುಂಪಿನಲ್ಲಿ ಶೇ 23ರಷ್ಟು ಮಾತ್ರ. ಆದರೆ ತಾವೇ ಕಂಡುಕೊಂಡ ಆ ಕೆಲವರು, ಇತರರ ಪ್ರಯೋಗಗಳನ್ನು ವಿಮರ್ಶಿಸುವ ಮುಂದಿನ ಪರೀಕ್ಷೆಯಲ್ಲಿ, ಹೇಳಿಸಿಕೊಂಡು ಕಲಿತವರಿಗಿಂತ ಮುಂದೇನೂ ಇರಲಿಲ್ಲ, ಇಬ್ಬರೂ ಸಮಸಮವಾಗಿದ್ದರು. ತಾನಾಗಿ ಕಂಡುಕೊಂಡದ್ದು ಹೆಚ್ಚು ಆಳಕ್ಕೆ ಇಳಿಯುತ್ತದೆ ಎಂಬ ನಮ್ಮ ನಂಬಿಕೆಯನ್ನು ಈ ಎರಡನೆಯ ಫಲಿತಾಂಶ ಅಲುಗಾಡಿಸುತ್ತದೆ.

ನಿಮ್ಮ ಪರಿಸರ ಅಧ್ಯಯನದ ತರಗತಿಯಲ್ಲೇ ಇದನ್ನು ಪರೀಕ್ಷಿಸಬಹುದು. ತೊಗರಿ ಮೊಳಕೆಯೊಡೆಯಲು ಬೆಳಕು ಬೇಕೇ ಎಂದು ಕೇಳಿ, ಲೋಟ, ಹತ್ತಿ, ಕಾಳುಗಳನ್ನು ಗುಂಪುಗಳಿಗೆ ಕೊಟ್ಟು ಸುಮ್ಮನೆ ಕುಳಿತು ನೋಡಿ. ಕೆಲವು ಗುಂಪುಗಳಾದರೂ ಕಿಟಕಿಯ ಬಳಿಯ ಲೋಟಕ್ಕೆ ದಿನಾ ನೀರು ಹಾಕಿ, ಕಪಾಟಿನೊಳಗಿನ ಲೋಟವನ್ನು ಮರೆತು, ಕತ್ತಲಲ್ಲಿ ಕಾಳು ಮೊಳೆಯುವುದಿಲ್ಲ ಎಂದು ಬರೆದು ತರುತ್ತವೆ. ಅವರ ತೀರ್ಮಾನ ತಪ್ಪು, ಆದರೆ ಮೊಳೆಯದ ಕಾಳನ್ನು ಅವರು ಕಣ್ಣಾರೆ ಕಂಡದ್ದಂತೂ ನಿಜ. ಇಂಥ ತಪ್ಪನ್ನು ಕಳಚುವುದು ಬಹಳ ಕಷ್ಟ. ಎರಡೂ ಲೋಟಕ್ಕೆ ಒಂದೇ ಅಳತೆಯ ನೀರು, ಒಂದೇ ಸಂಖ್ಯೆಯ ಕಾಳು, ಬೆಳಕು ಮಾತ್ರ ಬೇರೆ ಎಂಬುದನ್ನು ಮೊದಲು ಹೇಳಿಕೊಟ್ಟು, ಆಮೇಲೆ ನೀರಿನ ಬಗ್ಗೆ, ಗಾಳಿಯ ಬಗ್ಗೆ ಪ್ರಯೋಗವನ್ನು ಮಕ್ಕಳೇ ರೂಪಿಸಲಿ ಎಂದು ಬಿಟ್ಟರೆ ಆಗ ಅವರ ಸ್ವಾತಂತ್ರ್ಯಕ್ಕೆ ಅರ್ಥ ಬರುತ್ತದೆ.

ಸುಮಾರು 160 ಅಧ್ಯಯನಗಳನ್ನು ಒಟ್ಟುಗೂಡಿಸಿ ಆಲ್ಫಿಯೇರಿ ಮತ್ತು ಸಂಗಡಿಗರು 2011ರಲ್ಲಿ ಮಾಡಿದ ವಿಶ್ಲೇಷಣೆಯೂ ಇದೇ ದಿಕ್ಕಿನಲ್ಲಿದೆ. ನೆರವಿಲ್ಲದ ಅನ್ವೇಷಣೆ ನೇರ ಬೋಧನೆಗಿಂತ ಹಿಂದೆ ಬಿತ್ತು. ಆದರೆ ಸುಳಿವು, ಮಾದರಿ, ವಿವರಣೆ ಕೇಳುವ ಪ್ರಶ್ನೆಗಳಿಂದ ಬೆಂಬಲಿಸಿದ ಅನ್ವೇಷಣೆ ಇತರ ಬಗೆಯ ಬೋಧನೆಗಳಿಗಿಂತ ಮುಂದೆ ಬಂತು. ನಿಮ್ಮ ತರಬೇತುದಾರರು ಹೇಳಬೇಕಾದದ್ದು ಈ ಎರಡನೆಯ ಮಾತನ್ನು. ಇನ್ನೊಂದು ಎಚ್ಚರವೂ ಅಗತ್ಯ: ವಿಷಯ ಗೊತ್ತಿಲ್ಲದವರಿಗೆ ನೆರವಾಗುವ ಹೆಜ್ಜೆ ಹೆಜ್ಜೆಯ ವಿವರಣೆಯೇ ವಿಷಯ ಗೊತ್ತಾದವರಿಗೆ ಅಡ್ಡಿಯಾಗುತ್ತದೆ. ಕಳೆಯುವ ಲೆಕ್ಕ ಬಂದ ಮಗುವಿಗೆ ಮತ್ತೆ ಕಡ್ಡಿ ಕಟ್ಟು ತೋರಿಸುತ್ತ ಕೂತರೆ ಅದು ಕಿಟಕಿಯ ಹೊರಗೆ ನೋಡುವುದು ಸಹಜ. ಅಂಥ ಮಗುವಿಗೆ ಲೆಕ್ಕ ಕಟ್ಟುವ ಕೆಲಸವನ್ನು ಕೊಡಿ. ಉತ್ತರ 25 ಬರುವಂತೆ ಐದು ಕಳೆಯುವ ಲೆಕ್ಕಗಳನ್ನು ತಾನೇ ಬರೆಯಲಿ.

ಪ್ರಶ್ನೆ: ನಮ್ಮ ಮಗಳು ಖಾಸಗಿ ಶಾಲೆಯಲ್ಲಿ ಮೂರನೆಯ ತರಗತಿ ಓದುತ್ತಾಳೆ. ತಮ್ಮಲ್ಲಿ ಎಲ್ಲವೂ ಪ್ರಾಜೆಕ್ಟ್ ಮೂಲಕ, ಮಗು ಕೇಂದ್ರಿತವಾಗಿ ನಡೆಯುತ್ತದೆ ಎಂದು ಶಾಲೆಯವರು ಹೇಳುತ್ತಾರೆ. ಪ್ರತಿ ವಾರ ಥರ್ಮಾಕೋಲ್ ಮಾದರಿ ಮಾಡಿ ತರಬೇಕು. ಮಾಡುವವರು ನಾವು, ಇಲ್ಲವೇ ಸ್ಟೇಷನರಿ ಅಂಗಡಿಯವರು. ಇದು ವಿದ್ಯಾರ್ಥಿ ಕೇಂದ್ರಿತ ಕಲಿಕೆಯೇ?
— ಪಾಲಕರು, ಭಾಲ್ಕಿ

ಉತ್ತರ: ಅಲ್ಲ. ಅದು ಪಾಲಕ ಕೇಂದ್ರಿತ ಕರಕುಶಲ. ಮಗುವಿನ ಕೈಯಿಂದ, ಶಾಲೆಯ ವೇಳೆಯಲ್ಲಿ, ಶಿಕ್ಷಕರ ಕಣ್ಣೆದುರು ನಡೆಯದ ಪ್ರಾಜೆಕ್ಟಿನಿಂದ ಮಗು ಏನು ಕಲಿಯಿತು ಎಂದು ತಿಳಿಯುವ ದಾರಿಯೇ ಇಲ್ಲ. ಮುಂದಿನ ಪಾಲಕರ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಈ ಮಾದರಿಯನ್ನು ಮಾಡಿದ್ದರಿಂದ ಮಗು ಮೊದಲು ಉತ್ತರಿಸಲಾಗದ ಯಾವ ಪ್ರಶ್ನೆಗೆ ಈಗ ಉತ್ತರಿಸಬಲ್ಲಳು? ಉತ್ತರ ಬರದಿದ್ದರೆ ಥರ್ಮಾಕೋಲಿನ ಹಣ ಉಳಿಸಿ, ದಿನಾ ಸಂಜೆ ಆಕೆಯಿಂದ ಒಂದು ಪುಟ ಗಟ್ಟಿಯಾಗಿ ಓದಿಸಿ.

ಪ್ರಶ್ನೆ: ನಮ್ಮೂರಿನಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಅರ್ಧ ತರಗತಿ ಖಾಲಿಯಾಗುತ್ತದೆ. ಕೆಲವು ಕುಟುಂಬಗಳು ಸುಗ್ಗಿ ಮುಗಿಯುತ್ತಲೇ ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತವೆ. ತಿಂಗಳುಗಳ ನಂತರ ಮರಳಿದ ಮಗುವಿಗೆ ಪಾಠ ಎಲ್ಲಿಗೆ ಬಂದಿದೆ ಎಂದೇ ತಿಳಿಯುವುದಿಲ್ಲ. ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇರುವ ಮೂರನೆಯ ತರಗತಿಯವರೆಗೆ ಹೇಗೋ ನಡೆಯುತ್ತದೆ, ನಾಲ್ಕರಿಂದ ಕಷ್ಟ. ಏನು ಮಾಡಬೇಕು?
— ಮುಖ್ಯ ಶಿಕ್ಷಕರು, ಶಹಾಪುರ ತಾಲ್ಲೂಕು

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನಿಮ್ಮದೇ ಅತ್ಯಂತ ಮುಖ್ಯವಾದುದು. ಶಿಕ್ಷಕ ಕೇಂದ್ರಿತವೋ ವಿದ್ಯಾರ್ಥಿ ಕೇಂದ್ರಿತವೋ ಎಂಬ ಚರ್ಚೆ ಸಾಮಾನ್ಯವಾಗಿ ಎಲ್ಲ ಮಕ್ಕಳೂ ಪ್ರತಿದಿನ ಬರುತ್ತಾರೆ ಎಂದು ಭಾವಿಸಿಕೊಂಡೇ ನಡೆಯುತ್ತದೆ. ಇಡೀ ತರಗತಿಗೆ ಒಂದೇ ಪಾಠ, ಒಂದೇ ವೇಗ ಎಂಬ ವ್ಯವಸ್ಥೆಯಲ್ಲಿ ಗೈರುಹಾಜರಾದ ಮಗುವಿಗೆ ಮರಳಿ ಸೇರುವ ಬಾಗಿಲೇ ಇರುವುದಿಲ್ಲ.

ನಲಿ-ಕಲಿ ಹುಟ್ಟಿದ್ದೇ ಈ ತೊಂದರೆಯ ನಡುವೆ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಬಹುವರ್ಗ ಶಾಲೆಗಳಿಂದ ಪ್ರೇರಣೆ ಪಡೆದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಆರಂಭಿಸಿದರು. 2009–10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು, ಆಮೇಲೆ ಮೂರನೆಯ ತರಗತಿಯೂ ಸೇರಿತು. ಪಾಠಗಳನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲುಗಳನ್ನು ಕಾರ್ಡುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಿರುವುದರಿಂದ ಎರಡು ತಿಂಗಳ ನಂತರ ಬಂದ ಮಗು ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಪಾಠ ಮುಂದೆ ಹೋಗಿ ಮಗು ಹಿಂದೆ ಉಳಿಯುವ ಪ್ರಶ್ನೆ ಬರುವುದಿಲ್ಲ.

ಆದರೆ ನಲಿ-ಕಲಿಯನ್ನು ಶಿಕ್ಷಕರಿಲ್ಲದ ಕಲಿಕೆ ಎಂದು ತಿಳಿದವರು ಅದರ ಐದು ತಟ್ಟೆಗಳನ್ನು, ಅಂದರೆ ಮಕ್ಕಳು ಕೂಡುವ ಐದು ಗುಂಪುಗಳನ್ನು, ಸರಿಯಾಗಿ ನೋಡಿಲ್ಲ. ಮೊದಲನೆಯ ಗುಂಪು ಪೂರ್ಣವಾಗಿ ಶಿಕ್ಷಕರ ಬೆಂಬಲದ್ದು, ಎರಡನೆಯದು ಭಾಗಶಃ ಶಿಕ್ಷಕರ ಬೆಂಬಲದ್ದು. ಮೂರು ಮತ್ತು ನಾಲ್ಕು ಗೆಳೆಯರ ಬೆಂಬಲದವು. ಐದನೆಯದು ಮಾತ್ರ ಸ್ವಕಲಿಕೆಯದು. ಹೊಸ ಅಕ್ಷರ ಅಥವಾ ಹೊಸ ಪರಿಕಲ್ಪನೆ ಬಂದಾಗ ಮಗು ಶಿಕ್ಷಕರ ತಟ್ಟೆಯ ಬಳಿ ಕೂಡುತ್ತದೆ, ಅಭ್ಯಾಸ ಬಲಿತಂತೆ ಗೆಳೆಯರ ಬಳಿಗೆ, ಆಮೇಲೆ ಒಂಟಿ ಕೆಲಸಕ್ಕೆ ಹೋಗುತ್ತದೆ. ಮೇಲೆ ಸೇಡಂನ ಶಿಕ್ಷಕಿಯವರಿಗೆ ಹೇಳಿದ ಕ್ರಮವೇ ಇಲ್ಲಿ ತಟ್ಟೆಗಳ ರೂಪದಲ್ಲಿದೆ. ಈ ಕ್ರಮ ಮುರಿಯುವುದು ಶಿಕ್ಷಕರು ಮೊದಲ ತಟ್ಟೆಯ ಬಳಿ ಇಲ್ಲದಾಗ. ಏಕೋಪಾಧ್ಯಾಯ ಶಾಲೆಯಲ್ಲಿ ಒಬ್ಬರೇ ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್ ಮಾಹಿತಿ ತುಂಬಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಕರೆಗೆ ಉತ್ತರಿಸುವ ಹೊತ್ತಿಗೆ ಐದೂ ತಟ್ಟೆಗಳು ಸ್ವಕಲಿಕೆಯ ತಟ್ಟೆಗಳಾಗಿಬಿಡುತ್ತವೆ. ಗೋಡೆಯ ಕೆಳಭಾಗದ ಕಪ್ಪು ಪಟ್ಟಿಯ ಮೇಲೆ ಮಗು ಅದೇ 'ರ' ಮತ್ತು 'ಗ'ಗಳನ್ನು ವಾರಗಟ್ಟಲೆ ತಿದ್ದುತ್ತಿರುತ್ತದೆ. ದೂರು ಹೇಳಬೇಕಾದದ್ದು ಪದ್ಧತಿಯ ಮೇಲಲ್ಲ, ನೇಮಕಾತಿಯ ಮೇಲೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ಅರವತ್ತು ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು.

ನಾಲ್ಕನೆಯ ತರಗತಿಯಿಂದ ಮುಂದಕ್ಕೆ ನನ್ನ ಸಲಹೆ ಹೀಗಿದೆ. ದಿನಕ್ಕೆ ಒಂದು ಗಂಟೆ ತರಗತಿಯ ಗೋಡೆಗಳನ್ನು ಮರೆತು, ನಾಲ್ಕರಿಂದ ಆರನೆಯ ತರಗತಿಯ ಮಕ್ಕಳನ್ನು ಓದಿನ ಮಟ್ಟಕ್ಕೆ ಅನುಗುಣವಾಗಿ ಕೂಡಿಸಿ: ಅಕ್ಷರ ಗುರುತಿಸುವವರು, ಪದ ಓದುವವರು, ವಾಕ್ಯವೃಂದ ಓದುವವರು, ಕಥೆ ಓದುವವರು. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ರೂಪಿಸಿದ ಈ ಕ್ರಮವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಹವರ್ತಿಗಳು ಹಲವು ರಾಜ್ಯಗಳಲ್ಲಿ ಪರೀಕ್ಷಿಸಿದ್ದಾರೆ, ಫಲಿತಾಂಶ ಚೆನ್ನಾಗಿದೆ. ಮರಳಿ ಬಂದ ಮಗುವನ್ನು ಮೊದಲ ದಿನವೇ ಕೂಡಿಸಿಕೊಂಡು ಐದು ನಿಮಿಷ ಓದಿಸಿದರೆ ಅದರ ಗುಂಪು ಗೊತ್ತಾಗುತ್ತದೆ. ಅಕ್ಷರದ ಗುಂಪಿಗೆ ನೀವೇ ಕೂಡಿ. ಕಥೆಯ ಗುಂಪು ಗ್ರಂಥಾಲಯದ ಪುಸ್ತಕ ಹಿಡಿದು ತಾನೇ ಓದಿಕೊಳ್ಳಲಿ. ನಮ್ಮಲ್ಲಿ ಸಾಮಾನ್ಯವಾಗಿ ಇದು ತಲೆಕೆಳಗಾಗಿರುತ್ತದೆ: ಜಾಣ ಮಕ್ಕಳಿಗೆ ಮಾಸ್ತರರ ಗಮನ, ಹಿಂದುಳಿದವರಿಗೆ 'ನೋಡಿ ಬರಿ' ಎಂಬ ಕೆಲಸ. ದೀರ್ಘಕಾಲ ಶಾಲೆ ಬಿಟ್ಟು ವಯಸ್ಸಿಗೆ ತಕ್ಕ ತರಗತಿಗೆ ಸೇರಿದ ಮಗುವಿಗೆ ವಿಶೇಷ ತರಬೇತಿ ಪಡೆಯುವ ಹಕ್ಕನ್ನು ಅದೇ ಕಾಯ್ದೆಯ 4ನೆಯ ಸೆಕ್ಷನ್ ಕೊಡುತ್ತದೆ. ಸಿಆರ್‌ಪಿಗಳಿಗೆ (ಸಮೂಹ ಸಂಪನ್ಮೂಲ ವ್ಯಕ್ತಿಗಳಿಗೆ) ಬರೆಯುವ ಪತ್ರದಲ್ಲಿ ಅದನ್ನು ಉಲ್ಲೇಖಿಸಿ.

ಪ್ರಶ್ನೆ: 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು, 2025ರಲ್ಲಿ ಕಲಬುರಗಿ. ಮೇಲಿನವರ ಒತ್ತಡಕ್ಕೆ ನಾವು ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಪಾಸಿಂಗ್ ಪ್ಯಾಕೇಜ್ ಮಾಡಿ ಬಾಯಿಪಾಠ ಮಾಡಿಸುತ್ತಿದ್ದೇವೆ. ಈ ಸ್ಥಿತಿಯಲ್ಲಿ ಗುಂಪು ಚರ್ಚೆ, ಸ್ವಕಲಿಕೆ ಎಂಬುದೆಲ್ಲ ಐಷಾರಾಮವಲ್ಲವೇ?
— ಪ್ರೌಢಶಾಲಾ ಗಣಿತ ಶಿಕ್ಷಕರು, ಕಲಬುರಗಿ

ಉತ್ತರ: ಯಾದಗಿರಿಯ ಶೇ 50.59, ಕಲಬುರಗಿಯ ಶೇ 42.43 ಎಂಬ ಉತ್ತೀರ್ಣದ ಅಂಕಿಗಳು ಹತ್ತನೆಯ ತರಗತಿಯಲ್ಲಿ ಹುಟ್ಟಿದವಲ್ಲ ಎಂಬುದು ನಿಮಗೇ ಗೊತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ ಮೇಲೆ ಅವು ಹೊರಬಿದ್ದವು ಅಷ್ಟೆ. ಹತ್ತನೆಯ ತರಗತಿಯ ಜನವರಿಯಲ್ಲಿ ಕೂತವರಿಗೆ ಹೊಸ ಪದ್ಧತಿ ಬೋಧಿಸುವುದು ವ್ಯಾವಹಾರಿಕವಲ್ಲ ಎಂದು ಒಪ್ಪುತ್ತೇನೆ. ಆದರೂ ಎರಡು ಮಾತು.

ಒಂದು, ಬಾಯಿಪಾಠಕ್ಕಾಗಿ ನೋಟ್ಸನ್ನು ಮತ್ತೆ ಮತ್ತೆ ಓದಿಸುವುದು ಅದರ ಉದ್ದೇಶವನ್ನೇ ಈಡೇರಿಸುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಕೂತು, ಪುಸ್ತಕ ಮುಚ್ಚಿ, ಒಬ್ಬರನ್ನೊಬ್ಬರು ಪ್ರಶ್ನಿಸಿ, ಬರೆದದ್ದನ್ನು ತಾವೇ ತಿದ್ದಿಕೊಳ್ಳುವುದು ವಿದ್ಯಾರ್ಥಿಗಳೇ ನಡೆಸುವ ಕೆಲಸ, ಅದಕ್ಕೆ ನಿಮ್ಮ ಪಾಸಿಂಗ್ ಪ್ಯಾಕೇಜನ್ನೇ ಬಳಸಬಹುದು.

ಎರಡು, ಎಂಟನೆಯ ತರಗತಿಯಲ್ಲಿ ನಿಮಗೆ ಅವಕಾಶವಿದೆ. ಮನು ಕಪೂರ್ ಎಂಬ ಸಂಶೋಧಕರು ಸಿಂಗಪುರದ ಶಾಲೆಗಳಲ್ಲಿ ಒಂದು ಕ್ರಮವನ್ನು ಪರೀಕ್ಷಿಸಿದರು: ಮೂವರು ಫುಟ್‌ಬಾಲ್ ಆಟಗಾರರು ವರ್ಷವರ್ಷ ಹೊಡೆದ ಗೋಲುಗಳ ಪಟ್ಟಿ ಕೊಟ್ಟು, ಯಾರ ಆಟ ಹೆಚ್ಚು ಸ್ಥಿರವಾಗಿದೆ ಎಂದು ಅಳೆಯುವ ದಾರಿಯನ್ನು ವಿದ್ಯಾರ್ಥಿಗಳೇ ಹುಡುಕಲಿ ಎನ್ನುವುದು. ಹೆಚ್ಚಿನವರಿಗೆ ಸರಿಯಾದ ಸೂತ್ರ ಸಿಗುವುದಿಲ್ಲ. ಆದರೆ ಅವರು ಎಡವಿದ ದಾರಿಗಳನ್ನು ಎತ್ತಿಕೊಂಡು, ಅವು ಎಲ್ಲಿ ಸಾಲವು ಎಂದು ತೋರಿಸಿ ಶಿಕ್ಷಕರು ಸೂತ್ರವನ್ನು ಹೇಳಿಕೊಟ್ಟಾಗ, ಮೊದಲೇ ಹೇಳಿಸಿಕೊಂಡವರಿಗಿಂತ ಇವರ ಪರಿಕಲ್ಪನೆ ಗಟ್ಟಿಯಾಗಿತ್ತು. ನಿಮ್ಮ ಹುಡುಗರಿಗೆ ಕ್ರಿಕೆಟ್ ಆಟಗಾರರ ರನ್ನುಗಳ ಪಟ್ಟಿ ಸಾಕು. ಇದು ಮೇಲೆ ಕ್ಲಾರ್ ಮತ್ತು ನಿಗಮ್ ಬಗ್ಗೆ ಹೇಳಿದ್ದಕ್ಕೆ ವಿರುದ್ಧವೆಂದು ತೋರಬಹುದು. ವ್ಯತ್ಯಾಸಗಳು ಎರಡು: ಇಲ್ಲಿ ಹುಡುಕಾಟದ ನಂತರ ಬೋಧನೆ ತಪ್ಪದೆ ಬರುತ್ತದೆ, ಮತ್ತು ಹುಡುಕಲು ಬೇಕಾದ ಸರಾಸರಿ, ವ್ಯತ್ಯಾಸದಂಥ ಸಾಮಗ್ರಿ ವಿದ್ಯಾರ್ಥಿಗಳ ಬಳಿ ಮೊದಲೇ ಇರುತ್ತದೆ. ದೊಡ್ಡ ತರಗತಿಗಳಲ್ಲಿ ಕಂಡಷ್ಟು ಲಾಭ ಕಿರಿಯ ಮಕ್ಕಳಲ್ಲಿ ಕಂಡಿಲ್ಲ ಎಂಬುದನ್ನೂ ಗಮನಿಸಬೇಕು. ಭಾಗಾಕಾರವೇ ಬಾರದ ಎಂಟನೆಯ ತರಗತಿಯ ಹುಡುಗನಿಗೆ ಈ ಹುಡುಕಾಟ ಬರಿಯ ಅವಮಾನವಾಗುತ್ತದೆ. ಅವನಿಗೆ ಮೊದಲು ಭಾಗಾಕಾರವನ್ನು ಹೇಳಿಕೊಡಿ.

ಪ್ರಶ್ನೆ: ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮ ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನಾಡುತ್ತಾರೆ. ಶಾಲೆಗೆ ಹೋದರೆ ಒಂದು ಕೋಣೆಯಲ್ಲಿ ಪೂರ್ತಿ ಗದ್ದಲ, ಇನ್ನೊಂದರಲ್ಲಿ ಪೂರ್ತಿ ಮೌನ. ನಾನು ಹೆಚ್ಚು ಓದಿದವನಲ್ಲ. ಯಾವುದು ಒಳ್ಳೆಯ ತರಗತಿ ಎಂದು ಹೇಗೆ ತಿಳಿಯಬೇಕು?
— ಆಳಂದ ತಾಲ್ಲೂಕು

ಉತ್ತರ: ಗದ್ದಲವೂ ಮೌನವೂ ಯಾವುದನ್ನೂ ಹೇಳುವುದಿಲ್ಲ. ಗದ್ದಲದ ಕೋಣೆಯಲ್ಲಿ ಮಕ್ಕಳು ಯಾವುದರ ಬಗ್ಗೆ ಮಾತನಾಡುತ್ತಿದ್ದಾರೆ ಎಂದು ಕಿವಿಗೊಡಿ. ಈ ವಿಷಯದಲ್ಲಿ ನೀವು ಅನೇಕ ಅಧಿಕಾರಿಗಳಿಗಿಂತ ಮೇಲು, ಏಕೆಂದರೆ ನಿಮಗೆ ಲಂಬಾಣಿ ತಿಳಿಯುತ್ತದೆ. ಗುಂಪಿನಲ್ಲಿ ಮಕ್ಕಳು ತಮ್ಮ ಭಾಷೆಯಲ್ಲಿ ಲೆಕ್ಕವನ್ನೇ ಚರ್ಚಿಸುತ್ತಿದ್ದರೆ ಅದು ಒಳ್ಳೆಯ ಗದ್ದಲ. ಮನೆಮಾತು ಬೇರೆಯಾದ ಮಗುವಿಗೆ ಶಿಕ್ಷಕರ ಕನ್ನಡ ವಿವರಣೆಯಷ್ಟೇ, ಅದನ್ನು ಪಕ್ಕದ ಗೆಳತಿಯೊಡನೆ ತನ್ನ ಮಾತಿನಲ್ಲಿ ಅರಗಿಸಿಕೊಳ್ಳುವ ಹೊತ್ತೂ ಬೇಕು. ಜೊತೆಗೆ, ಪಾಠದ ಕನ್ನಡ ಪದಗಳನ್ನು ವಸ್ತು ತೋರಿಸಿ, ಬಾಯಿಯಿಂದ ಹೇಳಿಸಿ, ಶಿಕ್ಷಕರೇ ಕಲಿಸಬೇಕು; ಮನೆಯಲ್ಲಿ ಕೇಳದ ಪದವನ್ನು ಮಗು ಗುಂಪಿನಲ್ಲಿ ಕೂತು ಕಂಡುಹಿಡಿಯಲಾರದು.

ಮೌನದ ಕೋಣೆಯಲ್ಲಿ ಕೊನೆಯ ಸಾಲಿನ ಮಗುವಿನ ಬಳಿ ಕೂಡಿ ನೋಟ್‌ಬುಕ್ ಕೇಳಿ. ಎಲ್ಲರ ಪುಸ್ತಕದಲ್ಲೂ ಅಕ್ಷರ ತಪ್ಪದೆ ಒಂದೇ ಉತ್ತರವಿದ್ದರೆ ಅದು ಹಲಗೆಯಿಂದ ಇಳಿಸಿದ್ದು. ಮಗುವಿನದೇ ತಪ್ಪುಗಳಿದ್ದು, ಅವನ್ನು ಶಿಕ್ಷಕರು ತಿದ್ದಿ, ಮಗು ಮತ್ತೆ ಬರೆದಿದ್ದರೆ ಅಲ್ಲಿ ಕಲಿಕೆ ನಡೆಯುತ್ತಿದೆ. ಆಮೇಲೆ ಪುಸ್ತಕದ ಯಾವುದಾದರೊಂದು ಪುಟ ತೆರೆದು ಓದಲು ಹೇಳಿ. ನೀವು ಹೆಚ್ಚು ಓದಿಲ್ಲದಿದ್ದರೂ ಮಗು ತಡವರಿಸುವುದು ಕಿವಿಗೆ ತಿಳಿಯುತ್ತದೆ.

ಶಿಕ್ಷಕರನ್ನು ಎಲ್ಲರೆದುರು ಪ್ರಶ್ನಿಸಬೇಡಿ. ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಕೆಲಸವನ್ನು ಶಿಕ್ಷಣ ಹಕ್ಕು ಕಾಯ್ದೆ ನಿಮ್ಮ ಸಮಿತಿಗೇ ಕೊಟ್ಟಿದೆ. ಸಾಮಾನ್ಯವಾಗಿ ಅದರಲ್ಲಿ ಕಾಂಪೌಂಡ್ ಗೋಡೆ, ಶೌಚಾಲಯ, ಬಣ್ಣ ಮಾತ್ರ ಇರುತ್ತವೆ. ಈ ವರ್ಷದ ಯೋಜನೆಯಲ್ಲಿ, ನಾಲ್ಕನೆಯ ತರಗತಿ ದಾಟುವ ಎಷ್ಟು ಮಕ್ಕಳು ಒಂದು ಪುಟವನ್ನು ಸರಾಗವಾಗಿ ಓದಬೇಕು ಎಂಬ ಒಂದು ಸಾಲನ್ನು ಸೇರಿಸಿ, ಅದಕ್ಕೆ ಬೇಕಾದ ಓದುವ ಪುಸ್ತಕಗಳನ್ನೂ ಲಂಬಾಣಿ ಬಲ್ಲ ಅತಿಥಿ ಶಿಕ್ಷಕರೊಬ್ಬರನ್ನೂ ಕೇಳಿ ಬಿಇಒ ಅವರಿಗೆ ಮುಖ್ಯ ಶಿಕ್ಷಕರ ಮೂಲಕ ಬರೆಯಿರಿ.